ಊಟದ ಡಬ್ಬಿಯಲ್ಲಿದ್ದ ಯಂತ್ರ

ಹಿಮ ಕರಗುವ ಕಾಲದ ಒಂದು ಬೆಳಿಗ್ಗೆ, ಅಮೆರಿಕದ ಕೆಂಟಕಿ ಬೆಟ್ಟಸೀಮೆಯ ಎದೆರೋಗದ ಆಸ್ಪತ್ರೆಯಲ್ಲಿ ಓಲೀಟಾ ಗಂಡನ ಔಷಧಿಗೆ ಕಾದು ಕೂತಿದ್ದಳು. ಎದುರು ಬೆಂಚಿನಲ್ಲಿ ಕಲ್ಲಿದ್ದಲು ಗಣಿಯ ಇಬ್ಬರು ಹಳಬರು, ವರ್ಲಿನ್ ಮತ್ತು ಡೆಲ್ಮರ್, ಮಾತಾಡುತ್ತಿದ್ದರು. ವರ್ಲಿನ್‌ನ ಮೂಗಿಗೆ ಆಕ್ಸಿಜನ್ ನಳಿಗೆಯಿತ್ತು.

"ನಿನ್ನ ಧೂಳಿನ ಕಾಯಿಲೆಗೆ ಸರ್ಕಾರದ ಪರಿಹಾರ ಏನಾಯ್ತೋ?" ಎಂದ ಡೆಲ್ಮರ್.

"ಮತ್ತೆ ಇಲ್ಲ ಅಂದ್ರು. ನಮ್ಮ ಗಣೀಲಿ ಧೂಳೇ ಇರ್ಲಿಲ್ವಂತೆ. ನಮ್ಮ ಸೊಂಟಕ್ಕೆ ಕಟ್ತಿದ್ದ ಧೂಳು ಅಳೆಯೋ ಯಂತ್ರ ಹಾಗೆ ಹೇಳುತ್ತಂತೆ."

"ಹೇಳ್ದೆ ಇನ್ನೇನು! ದಿನಾ ಅದನ್ನ ಊಟದ ಡಬ್ಬೀಲಿ ಮುಚ್ಚಿಡ್ತಿದ್ವಲ್ಲ."

"ಮೇಸ್ತ್ರಿ ಹೇಳಿದ್ದ ಕಣೋ. ಧೂಳು ಜಾಸ್ತಿ ತೋರ್ಸಿದ್ರೆ ಗಣಿ ಮುಚ್ತಾರೆ, ಮನೇಲಿ ಕೂರ್ತೀರಿ ಅಂತ."

"ನಿನ್ನ ಯಂತ್ರ ಜೋಳದ ರೊಟ್ಟಿ ವಾಸನೆ ಕುಡ್ಕೊಂಡು ಗಟ್ಟಿಮುಟ್ಟಾಗಿತ್ತು ಬಿಡು."

ನಗಲು ಹೋದ ವರ್ಲಿನ್‌ಗೆ ಕೆಮ್ಮು ಹತ್ತಿತು.

"ಇದನ್ನ ಜಡ್ಜ್ ಮುಂದೆ ಹೇಳ್ಬಾರ್ದಿತ್ತಾ?" ಎಂದ ಡೆಲ್ಮರ್.

"ಹೇಳ್ದೆ ಮಾರಾಯ. ಕಂಪನಿ ವಕೀಲ ಕೇಳ್ದ, ಆಗ ಸುಳ್ಳಾಡಿದ್ಯೋ, ಈಗ ಆಡ್ತಿದ್ದೀಯೋ ಅಂತ."

"ನೀನೇನಂದೆ?"

"ಹೇಳಕ್ಕೆ ಹೋದೆ. ಉಸಿರು ಸಾಲ್ಲಿಲ್ಲ. ಉತ್ತರ ಇಲ್ಲ ಅಂತ ಬರ್ಕೊಂಡ್ರು."

ಓಲೀಟಾ ತಲೆ ತಗ್ಗಿಸಿದಳು. ಅವಳ ಗಂಡನದೂ ಅದೇ ಗಣಿ; ಅವನ ಪರಿಹಾರದ ವಿಚಾರಣೆ ಮುಂದಿನ ವಾರವಿತ್ತು.

ನರ್ಸ್ ವರ್ಲಿನ್‌ನನ್ನು ಕರೆದಳು. ಡೆಲ್ಮರ್ ಅವನ ಆಕ್ಸಿಜನ್ ಸಿಲಿಂಡರ್ ಎತ್ತಿಕೊಂಡ. ಇಬ್ಬರೂ ಗೋಡೆ ಹಿಡಿದುಕೊಂಡು ಒಳಗೆ ಹೋದರು.