ಹೊಲಿದ ರೆಪ್ಪೆ

ಬೆಳಗ್ಗೆ ಮನೆಯಲ್ಲಿ ಮುಗಿಯದ ಕೆಲಸವೆಂದು ಮಗನ ಅಂಗಿಯ ಗುಂಡಿಯನ್ನು ಕಣ್ಣಾಸ್ಪತ್ರೆಯ ಬೆಂಚಿನಲ್ಲೇ ಹೊಲಿಯುತ್ತಿದ್ದ ಹೆಂಗಸು, ಪಕ್ಕದ ಅಜ್ಜಿಯ ಮಾತು ಕಿವಿಗೆ ಬಿದ್ದು ಸೂಜಿ ನಿಲ್ಲಿಸಿದಳು. ಆಚೆಗೆ ಬಲಗಣ್ಣು ಮುಚ್ಚಿದ್ದ ಅಜ್ಜಿಯ ಮಗ. ಅವನ ತೊಡೆಗೆ ಒರಗಿ ಐದಾರು ವರ್ಷದ ಮೊಮ್ಮಗಳು.

“ರೆಪ್ಪೆ ಹರಿದ್ರೆ ಕಣ್ಣನ್ನೇ ಮುಚ್ಚಿ ಹೊಲೀತಾರೇನೋ?”

“ಸಾಣೆಕಲ್ಲು ಸಿಡಿದು ಕೆಳರೆಪ್ಪೆ ಪೂರ್ತಿ ಹೋಗಿತ್ತಲ್ಲಮ್ಮ. ಮೇಲಿನ ರೆಪ್ಪೆಯಿಂದ ಒಂದು ಪದರ ಕೆಳಗೆ ಎಳೆದು ಹೊಲಿದಿದ್ದಾರೆ. ಅದು ಕಚ್ಕೊಂಡಿದ್ರೆ ಇವತ್ತು ಬಿಡಿಸ್ತಾರೆ.”

“ಯಾರ ಕಿವಿಗೆ ಹೂ ಇಡ್ತೀಯೋ? ಮೊನ್ನೆ ಟಾರ್ಚ್ ಹಿಡಿದ್ರೆ ಬೆಳಕೇ ಕಾಣ್ತಿಲ್ಲ ಅಂದೆ.”

“ನಿನ್ನ ಟಾರ್ಚಲ್ಲಿ ಸೆಲ್ಲೇ ಇರ್ಲಿಲ್ವಲ್ಲ!”

“ಮತ್ತೆ ಡಾಕ್ಟ್ರು ನನ್ನನ್ನ ಹೊರಗೆ ಕಳಿಸಿ ನಿನ್ನ ಹತ್ರ ಮಾತಾಡಿದ್ದು?”

“ನೀನು ಅವರಿಗೂ ಟಾರ್ಚ್ ಹಿಡೀತೀಯ ಅಂತ.”

“ನಗಿಸ್ಬೇಡ. ಹೆತ್ತವಳ ಹತ್ರ ನಿಜ ಹೇಳು.”

“ಕಣ್ಣಿಗೇನೂ ಆಗಿಲ್ಲಮ್ಮ. ಎಷ್ಟು ಸಲ ಹೇಳ್ಲಿ?”

“ಎಷ್ಟು ಸಲ ಹೇಳಿದ್ರೂ ನೀನು ನೆಲ ನೋಡ್ಕೊಂಡೇ ಹೇಳ್ತೀಯಲ್ಲ.”

ಅಷ್ಟರಲ್ಲಿ ನರ್ಸ್ ಕರೆದರು. ಮೂವರೂ ಎದ್ದರು. ಹುಡುಗಿ ಒಳಗೆ ಹೋಗುವ ಬಾಗಿಲಲ್ಲಿ ಅಪ್ಪನ ಕೈ ಜಗ್ಗಿ ನಿಂತುಬಿಟ್ಟಳು.

“ಅಪ್ಪಾ, ಹೊಲಿಗೆ ಬಿಚ್ಚಿದ್ರೆ ಒಳಗೆ ಕಣ್ಣು ಇರುತ್ತಾ?”