ಏಳನೇ ಕ್ಯಾಮೆರಾ

ನಗೋದಾದರೆ ಈಗಲೇ ನಕ್ಕುಬಿಡಿ, ಆಮೇಲೆ ಬೇಡ. ಇದು ನಮ್ಮ ಚಿಕ್ಕಮ್ಮನ ಮಗನಿಗೆ ಆಗಿದ್ದು. ಅವನ ಬಾಯಿಂದಲೇ ಕೇಳಿದ್ದೀನಿ.

ಅವತ್ತು ಮ್ಯಾಚು ಮುಗಿದಾಗ ರಾತ್ರಿ ಹನ್ನೊಂದೂವರೆ. ಮೈದಾನದ ಹಿಂದೆ ಒಂದು ಹಾಳುಬಾವಿ ಇದೆ. ಅದರ ಪಕ್ಕದ ದಾರಿಯಲ್ಲಿ ಒಬ್ಬನೇ ಮನೆಗೆ ಹೊರಟಿದ್ದ. ಬಾವಿಯೊಳಗಿಂದ... ಟಕ್. ಟಕ್. ಟಕ್. ಉಗುರಲ್ಲಿ ಮೈಕು ತಟ್ಟಿದ ಸದ್ದು.

ಅವನಿಗೆ ಹೆಜ್ಜೆ ಕಿತ್ತಿಡೋಕೆ ಆಗಲಿಲ್ಲ. ಯಾಕೆ ಗೊತ್ತಾ? ಆ ಸದ್ದು ಯಾರದು ಅಂತ ಗೊತ್ತಿತ್ತು.

ಇವನ ಕೆಲಸ ಹೇಳ್ತೀನಿ ಕೇಳಿ. ಮೈದಾನದ ಹೊರಗೆ ಒಂದು ವ್ಯಾನು. ಒಳಗೆ ಒಂಬತ್ತು ಪುಟ್ಟ ಪರದೆ, ಒಂಬತ್ತು ಕ್ಯಾಮೆರಾದ್ದು. ಗೋಲು ಬಿತ್ತು ಅಂದರೆ, ಯಾವ ಕಡೆಯಿಂದ ಚೆನ್ನಾಗಿ ಕಾಣುತ್ತೋ ಆರಿಸಿ, ಒಂದರ ಹಿಂದೆ ಒಂದು ಜೋಡಿಸಿ, ಹತ್ತೇ ಸೆಕೆಂಡಲ್ಲಿ ಮತ್ತೆ ತೋರಿಸಬೇಕು. ಕ್ಯಾಮೆರಾದವರು ನಡುವೆ ಮಾತಾಡೋ ಹಾಗಿಲ್ಲ. ರೆಡಿ ಅನ್ನೋಕೆ ಮೈಕನ್ನ ಎರಡು ಸಲ ತಟ್ಟುತ್ತಾರೆ. ಏಳನೇ ಕ್ಯಾಮೆರಾದ ಅಣ್ಣ ಮಾತ್ರ ಮೂರು ಸಲ. "ಮೂರನೇದು ನಿನಗೆ ಕಣೋ" ಅಂತ ಇವನನ್ನ ರೇಗಿಸ್ತಿದ್ದ.

ಆ ಅಣ್ಣ ನಿಲ್ಲೋದು ಗೋಲಿನ ಹಿಂದೆ, ಮೂವತ್ತಡಿ ಅಟ್ಟಣಿಗೆ ಮೇಲೆ. ಅದರ ಕಂಬಿ ಮುರಿದಿತ್ತು. ಸರಿ ಮಾಡಿಸಿ ಸಾರ್ ಅಂತ ಹೇಳಿ ಹೇಳಿ ಅವನ ಬಾಯಿ ನೋವು ಬಂತು. ಇವರ ಮ್ಯಾನೇಜರು ಒಂದು ತುಂಡು ಹಗ್ಗ ಎಸೆದ. "ತಗೋ ಮಹಾರಾಜ, ಕಟ್ಕೋ!"

ಆ ಬಾವಿ ರಾತ್ರಿಗೆ ಹದಿನೈದು ದಿನ ಮುಂಚೆ ಒಂದು ಗೋಲಿಗೆ ಜನ ಎದ್ದು ಕುಣಿದರು. ಅಟ್ಟಣಿಗೆ ಅಲುಗಾಡಿತು. ಹಗ್ಗ ಕಿತ್ತು... ಅಣ್ಣ ಕೆಳಗೆ ಬಿದ್ದು ಸತ್ತ.

ಆಗ ಮ್ಯಾನೇಜರು ಏನಂದ ಗೊತ್ತಾ? "ಏಳು ಹೋಯ್ತು. ಆ ಜಾಗಕ್ಕೆ ಎಂಟು ಹಾಕು. ಗೋಲು ತೋರಿಸು." ಥೂ! ಮನುಷ್ಯ ಬಿದ್ದಿದ್ದಾನೆ ರೀ ಅಲ್ಲಿ! ನಮ್ಮವನೂ ಹಾಕಿದ. ನೆನೆಸಿಕೊಂಡರೆ ಈಗಲೂ ಹೇಸಿಗೆ ಆಗುತ್ತೆ.

ಬಿದ್ದದ್ದು ದೂರದ ಮೂರನೇ ಕ್ಯಾಮೆರಾದಲ್ಲಿ ಬಂದಿತ್ತು. "ಅಳಿಸು. ಕುಡಿದು ಬಿದ್ದ ಅಂತ ಪೊಲೀಸರ ಹತ್ತಿರ ಬರೆಸಿದ್ದೀನಿ" ಅಂದ ಮ್ಯಾನೇಜರು, ಬಿಸ್ಕತ್ತು ಕಡೀತಾ. ಅವನ ಬಾಯಿಂದ ಪುಡಿ ಇವನ ಮುಂದಿದ್ದ ಮೆಷೀನಿನ ಗುಂಡಿಗಳ ಮೇಲೆ ಉದುರಿತಂತೆ. ನಮ್ಮವನು ಆ ಪುಡಿ ಒರೆಸಿ, ಅಳಿಸಿದ. ಒಂದು ಹನಿಯೂ ಮುಟ್ಟದ ಮನುಷ್ಯ ಕುಡುಕನಾದ. ಅವನ ಹೆಂಡತಿ ದಿನಾ ವ್ಯಾನಿನ ಬಾಗಿಲಿಗೆ ಬರೋರು. "ಅಪ್ಪ ಕುಡೀತಿದ್ರಾ ಅಂತ ಮಗಳು ಕೇಳ್ತಾಳೆ. ಏನು ಹೇಳಲಿ ತಮ್ಮಾ?" ಇವನು ತಲೆ ತಗ್ಗಿಸಿ ಕೂತಿರೋನು. ಕೈಗೆ ಸಿಕ್ಕಿದ್ದರೆ ಕಪಾಳಕ್ಕೆ ಬಾರಿಸ್ತಿದ್ದೆ.

ಹೂಂ, ಬಾವಿ. ಟಕ್ ಟಕ್ ಟಕ್ ಆಯ್ತಲ್ಲ...

"ಯಾ... ಯಾರು?"

"ಏಳು." ಪಿಸುಮಾತು. "ರೆಡಿ."

"ಅಣ್ಣಾ, ತಪ್ಪಾಯ್ತು..."

"ತೋರಿಸು."

ಅಷ್ಟೇ. ಎದ್ದೆನೋ ಬಿದ್ದೆನೋ ಅಂತ ಓಡಿ ಮನೆ ಸೇರಿದ.

ಮರುದಿನ ಮತ್ತೆ ಮ್ಯಾಚು. ಏಳನೇ ಪರದೆ ಕಪ್ಪಗಿತ್ತು. ಅದರ ಕ್ಯಾಮೆರಾ, ವೈರು ಎಲ್ಲಾ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದರು. ಗೋಲು ಬಿತ್ತು. ಹೆಡ್‌ಫೋನಿನಲ್ಲಿ ಒಬ್ಬೊಬ್ಬರದೇ ಎರಡೆರಡು ಟಕ್. ಕೊನೆಗೆ... ಟಕ್. ಟಕ್. ಟಕ್. ಏಳನೇ ಪರದೆಯಲ್ಲಿ ಚಿತ್ರ ಬಂತು. ಮುರಿದ ಕಂಬಿ. ಹಗ್ಗ. ಅಣ್ಣ.

"ಅಳಿಸೋ ಅದನ್ನ!" ಹಿಂದಿನಿಂದ ಮ್ಯಾನೇಜರು ಕಿರುಚಿದ.

ಈ ಸಲ ಅಳಿಸಲಿಲ್ಲ. ಗುಂಡಿ ಒತ್ತೇಬಿಟ್ಟ. ಮೈದಾನದ ದೊಡ್ಡ ಪರದೆ ಮೇಲೆ, ಮನೆಮನೆಯ ಟೀವಿಯಲ್ಲಿ, ನಿಧಾನವಾಗಿ, ಎರಡು ಸಲ.

ಕೆಲಸ ಹೋಯ್ತು, ಹಾಳಾಗಿ ಹೋಗಲಿ. ಪೊಲೀಸರು 'ಕುಡಿದು' ಅನ್ನೋದನ್ನ ಹೊಡೆದುಹಾಕಿದರು. ಆ ಅತ್ತಿಗೆ ಇವನ ಮನೆಗೇ ಬಂದು, "ಮಗಳಿಗೆ ಹೇಳಿದೆ" ಅಂದು ಹೋದರು.

ಅಳಿಸಿದ ಮೂರನೇ ಕ್ಯಾಮೆರಾದ್ದು ಎಲ್ಲೋ ಉಳಿದಿತ್ತು, ಅದೇ ಬಂತು ಅಂತೀರಾ? ನಾನೂ ಹಾಗೇ ಅಂದೆ. ಅವನು ಟೀವಿಯಲ್ಲಿ ಬಂದ ಆ ವಿಡಿಯೋ ಹಾಕಿ ಫೋನು ನನ್ನ ಕೈಗೆ ಕೊಟ್ಟ. ನೋಡಿದೆ ರೀ, ನನ್ನ ಕಣ್ಣಾರೆ ನೋಡಿದೆ. ಅಣ್ಣನ ಮುಖ ಎದುರಿಗೇ, ಇಷ್ಟು ಹತ್ತಿರ. ಮೂವತ್ತಡಿ ಮೇಲಿಂದ ನೆಲದವರೆಗೂ ಆ ಮುಖ ಒಂದೇ ಅಳತೆಯಲ್ಲಿದೆ. ದೊಡ್ಡದೂ ಆಗಲ್ಲ, ಚಿಕ್ಕದೂ ಆಗಲ್ಲ, ಕ್ಯಾಮೆರಾ ಹಿಡಿದವರೂ ಅವನ ಜೊತೆಗೇ ಬಿದ್ದ ಹಾಗೆ.