ಕಸಿ ಹಿಡಿಯದ ಇಲಿಗಳು

ಪ್ರಯೋಗಾಲಯದ ಲಿಫ್ಟಿಗೆ ಕಾಯುತ್ತಿದ್ದೆ. ನನ್ನ ಮುಂದೆ ಒಬ್ಬ ಸಂಶೋಧಕಿ, ಜೊತೆಗೆ ಇಲಿಗಳನ್ನು ನೋಡಿಕೊಳ್ಳುವ ಮುದುಕ.

"ಅಣ್ಣಾ, ಒಂದು ಇಲಿಯಿಂದ ಇನ್ನೊಂದಕ್ಕೆ ಕಸಿ ಮಾಡಿದ ಚರ್ಮ ಮತ್ತೆ ಉದುರಿದೆ."

"ಎಲ್ಲಾ ಒಂದೇ ತಳಿ ಅಲ್ವೇನಮ್ಮ? ಹಿಡೀಬೇಕಲ್ಲ."

"ಹಿಡೀಬೇಕಿತ್ತು. ತನ್ನದು, ಪರರದ್ದು ಅಂತ ಗುರುತು ಕೊಡೋ ಜೀನೇ ಬೆರೆತುಹೋಗಿದೆ. ಬೇರೆ ತಳಿ ಹೇಗೆ ಸೇರ್ತು? ನಾಲ್ಕು ವರ್ಷದ ಕೆಲಸ, ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು."

ಮುದುಕ ಕೈಗವಸು ಕಳಚಿದ.

"ಹೋದ ವರ್ಷ ಪಂಜರ ತೊಳೆಯುವಾಗ ಒಂದು ಇಲಿ ನೆಲಕ್ಕೆ ಬಿತ್ತಮ್ಮ. ಯಾವ ಪಂಜರದ್ದೋ ತಿಳೀಲಿಲ್ಲ. ಎಲ್ಲಾ ಬಿಳೀವೇ."

"ನೆಲಕ್ಕೆ ಬಿದ್ದಿದ್ದನ್ನ ಮುಗಿಸಿಬಿಡಬೇಕು ಅಂತ ನಿಯಮ ಇದೆಯಲ್ಲ!"

"ಬಸುರಿ ಇತ್ತು. ಮನಸ್ಸು ಬರಲಿಲ್ಲ."

"ನನ್ನ ಪಂಜರಕ್ಕೇ ಯಾಕೆ ಬಿಟ್ರಿ?"

"ಇಲಿಗಳನ್ನ ಮಾತಾಡಿಸೋರು ನೀವೊಬ್ರೇ ಅಲ್ವಾ."

ಲಿಫ್ಟಿನ ಬಾಗಿಲು ತೆರೆಯಿತು. ಮುದುಕ ಒಳಗೆ ಹೋದ. ಆಕೆ ಮೆಟ್ಟಿಲ ಕಡೆ ನಡೆದಳು.